ಮೂರನೇ ಸದ್ದು

೧೦ ನವೆಂಬರ್ ೧೯೫೨, ಸಿಂಧನೂರು

ಈ ಪುಸ್ತಕವನ್ನು ಗುತ್ತೇದಾರ ಹಂಪಣ್ಣನವರು ಮರದ ಅಳತೆ ಬರೆದಿಡಲು ಕೊಟ್ಟರು. ಅಳತೆ ನನ್ನ ತಲೆಯಲ್ಲೇ ಇರುತ್ತದೆ, ಅದಕ್ಕೆ ಪುಸ್ತಕ ಯಾಕೆ? ಬಾಯಿಯಿಂದ ಹೇಳಿದರೆ ಕೇಳುವವರು ಈ ಕಾರ್ಖಾನೆಯಲ್ಲಿ ಯಾರೂ ಉಳಿದಿಲ್ಲ. ಆದ್ದರಿಂದ ಹೇಳಬೇಕಾದ್ದನ್ನೆಲ್ಲ ಇದರಲ್ಲಿ ಬರೆಯುತ್ತೇನೆ. ಪುಸ್ತಕ ಎದುರು ಮಾತಾಡುವುದಿಲ್ಲ.

ಇವತ್ತು ರಾಯಚೂರಿನಿಂದ ಒಂದು ಗೋಣಿಚೀಲದ ತುಂಬ ಮರದ ಕೊಡತಿ ಬಂದವು. ಹನ್ನೆರಡು. ಎಲ್ಲವೂ ಒಂದೇ ಅಳತೆ, ಒಂದೇ ತೂಕ, ಒಂದೇ ಬಣ್ಣ.

“ಇನ್ನ ಮ್ಯಾಲೆ ಎಲ್ಲಾರೂ ಇವನ್ನ ಹಿಡೀರಿ. ನಂದೆಲ್ಲಿ, ನಿಂದೆಲ್ಲಿ ಅಂತ ಹುಡುಕ್ಯಾಡೋದು ತಪ್ಪತೈತಿ” ಎಂದರು ಹಂಪಣ್ಣನವರು.

“ಧಣ್ಯಾರ, ಹನ್ನೆರಡು ಮಂದಿಗೆ ಒಂದೇ ಅಳತಿ ಚಪ್ಪಲಿ ಹೊಲಿಸಿ ಕೊಡ್ರಿ. ಮದ್ಲ ಅದನ್ನ ನೋಡೋಣ” ಎಂದೆ.

ಅವರು ನಕ್ಕು ನನ್ನನ್ನು ಬಿಟ್ಟರು. ಉಳಿದವರೆಲ್ಲ ಕುರಿಗಳಂತೆ ಒಂದೊಂದು ಎತ್ತಿಕೊಂಡರು. ಹೊಲಸು ಮಂದಿ.

ಕಬ್ಬಿಣದ ಸುತ್ತಿಗೆಗೆ ಹೊಡೆಯುವುದೊಂದೇ ಗೊತ್ತು. ಕೊಡತಿ ಮರದ್ದು, ಅದಕ್ಕೆ ಮರದ ಸಂಕಟ ಗೊತ್ತು. ನನ್ನ ಹತ್ತಿರ ಮೂರಿವೆ. ಬೇವಿನದು ಹಗುರ, ಚೌಕಟ್ಟಿನ ಮೂಲೆ ಕೂರಿಸಲು. ಜಾಲಿಯದು ಉಳಿ ಹೊಡೆಯಲು ಮಾತ್ರ. ಹುಣಸೆಯದು ಅಜ್ಜನ ಕಾಲದ್ದು, ಬಂಡಿ ಗಾಲಿಯ ನಡುವಿನ ಗುಂಬಕ್ಕೆ ಅರೆಕಾಲಿನ ಕಡ್ಡಿ ಬಡಿಯುವಾಗ ಬಿಟ್ಟರೆ ಮೂಲೆಯಿಂದ ಏಳುವುದಿಲ್ಲ. ಅಪ್ಪ ಹೇಳುತ್ತಿದ್ದ, “ಮೌನ್ಯಾ, ಕೊಡತಿ ಆರಿಸೋದು ಕೈಯಿಂದ ಅಲ್ಲಲೇ, ಕಿವಿಯಿಂದ.” ಮರದ ತುದಿ ತೂತಿನೊಳಗೆ ಇಳಿಯುವಾಗ ಮೊದಲು ಡಬ್ ಅನ್ನುತ್ತದೆ, ಆಮೇಲೆ ಡಕ್, ಕಡೆಗೆ ಟಣ್. ಆ ಮೂರನೇ ಸದ್ದು ಬಂತೋ, ಕೈ ನಿಲ್ಲಬೇಕು. ಇನ್ನೊಂದು ಪೆಟ್ಟು ಬಿದ್ದರೆ ಮರ ಸೀಳುತ್ತದೆ. ಮೂರನೇ ಸದ್ದನ್ನು ಸ್ಪಷ್ಟವಾಗಿ ಹೇಳುವ ಕೊಡತಿಯೇ ಆ ಕೆಲಸಕ್ಕೆ ಸರಿಯಾದ ಕೊಡತಿ. ಇಷ್ಟೇ ವಿದ್ಯೆ. ಇದು ರಾಯಚೂರಿನ ಚೀಲದಲ್ಲಿ ಸಿಗುವುದಿಲ್ಲ.

ಯುಗಾದಿಯೊಳಗೆ ತುರ್ವಿಹಾಳದ ಕಡೆಯ ಕಾಲುವೆಗೆ ಎಂಟು ತೂಬಿನ ಬಾಗಿಲು ಆಗಬೇಕು, ಸಾಗವಾನಿಯವು. ಹನಿ ನೀರು ಸೋರಬಾರದು. ಎಂಟೂ ಸರಿ ಹೋದರೆ ಮುಂದಿನ ಗುತ್ತಿಗೆಗೂ ನಾನೇ ಮೇಸ್ತ್ರಿ. ಇಲ್ಲವಾದರೆ ಲಿಂಗಸುಗೂರಿನಿಂದ ಒಬ್ಬ ಬರಲು ತುದಿಗಾಲಲ್ಲಿ ನಿಂತಿದ್ದಾನೆ. ಐವತ್ನಾಲ್ಕು ವರ್ಷದವನು ನಾನು. ಇನ್ನೊಬ್ಬನ ಕೈಕೆಳಗೆ ರಂದಾ ಹೊಡೆಯುವುದು ನನ್ನಿಂದ ಆಗದು.

೧೩ ನವೆಂಬರ್

ತೂಬಿನ ಅಳತೆ ತೆಗೆಯಲು ಕಾಲುವೆಗೆ ಹೋಗಿದ್ದೆ. ದಾರದ ಆ ತುದಿ ಹಿಡಿಯಲು ಮುಕ್ಕುಂದದ ನರಸ್ಯಾ ಬಂದಿದ್ದ. ಕೇರಿಯವನು. ಹಂಪಣ್ಣನವರು ಅವನನ್ನು ನನ್ನ ಎದುರು ಕೂತು ಮರ ಒತ್ತಿ ಹಿಡಿಯುವ ಕೆಲಸಕ್ಕೆ ಹಾಕಿದ್ದಾರೆ, ಕಾಲ ಬಂದ ಹಾಗೆ ಇರಬೇಕು ಎಂದು ನಾನೂ ಸುಮ್ಮನಿದ್ದೇನೆ. ಬಂಡೆ ಸಿಡಿಸುವವರು ಕೆಂಪು ಬಾವುಟ ಬೀಸಿದರಂತೆ, ಬಗ್ಗಿ ನಿಂತಿದ್ದ ನನಗೆ ಕಾಣಲಿಲ್ಲ. ನರಸ್ಯಾ ಓಡಿ ಬಂದು ತೋಳು ಹಿಡಿದು ಎಳೆದು ಕೆಡವಿದ. ಆ ಕ್ಷಣಕ್ಕೇ ಬಂಡೆ ಸಿಡಿಯಿತು.

ಕಲ್ಲು ತಾಗಲಿಲ್ಲ. ಆದರೆ ಎರಡೂ ಕಿವಿಯಲ್ಲಿ ಜೀರುಂಡೆ ಹೊಕ್ಕಂತೆ ಕಿರ್ರೆನ್ನುತ್ತಿದೆ. ಮನೆಗೆ ಬಂದು ಮೊದಲು ಸ್ನಾನ ಮಾಡಿದೆ. ತೋಳು ಹಿಡಿಯುವ ಬದಲು ಕೂಗಬಾರದಿತ್ತೇ? ಹೆಂಡತಿ ಕಾಳಮ್ಮ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಟ್ಟಳು. ಎರಡು ದಿನದಲ್ಲಿ ಹೋಗುತ್ತದೆ.

೧೭ ನವೆಂಬರ್, ಅಮಾವಾಸ್ಯೆ

ಅಮಾವಾಸ್ಯೆಗೆ ನಮ್ಮವರು ಉಳಿ ಮುಟ್ಟುವುದಿಲ್ಲ. ಇಡೀ ದಿನ ಮನೆ, ಇಡೀ ದಿನ ಕಾಳಮ್ಮನ ಗೊಣಗಾಟ. ಮುಖ ಒಲೆಯ ಕಡೆ, ಮಾತು ನನ್ನ ಕಡೆ.

“ಬಾಯಿ ಬಿಟ್ಟು ಹೇಳಬೇ. ಹಲ್ಲಾಗ ಏನ ಸಿಕ್ಕೈತಿ?”

“ಇದಕ್ಕಿಂತ ಗಟ್ಟ್ಯಾಗಿ ಹೇಳಿದ್ರ ಜಗಳ ಹತ್ತೈತಿ ಅಂತ ಓಣಿ ಮಂದಿ ಬಿಡಿಸಾಕ ಬರ್ತಾರ್ರೀ!” ಎಂದು ಚೀರಿದಳು.

ಚೀರಲು ಬರುತ್ತದೆ, ನೆಟ್ಟಗೆ ಮಾತಾಡಲು ಬರುವುದಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿ ಈಗ ಇವಳಿಗೆ ಗೊಣಗುವ ಚಟ ಹತ್ತಿದೆ.

೪ ಡಿಸೆಂಬರ್

ಬೇವಿನ ಕೊಡತಿ ಕೆಟ್ಟಿತು. ಬಿರುಕಿಲ್ಲ, ಹುಳ ಹೊಡೆದಿಲ್ಲ, ದನಿ ಮಾತ್ರ ಹೋಗಿದೆ. ಮೊದಲ ಬಾಗಿಲಿನ ಮೂಲೆಗೆ ಎಷ್ಟು ಹೊಡೆದರೂ ಒಂದೇ ಮಂಕು ಸದ್ದು. ಕಡೆಗೆ ಅದನ್ನು ಪಕ್ಕಕ್ಕೆ ಎಸೆದು ಜಾಲಿಯದು ಹಿಡಿದೆ, ಅದು ಸ್ವಲ್ಪ ಮಾತಾಡಿತು. ಜಾಲಿಯನ್ನು ಉಳಿಗಲ್ಲದೆ ಬೇರೆ ಕೆಲಸಕ್ಕೆ ಹಿಡಿದವನಲ್ಲ ನಾನು. ಬೇವು ಕೈ ಕೊಟ್ಟರೆ ಏನು ಮಾಡಲಿ?

ಹುಡುಗರು ರಾಯಚೂರಿನ ಕೊಡತಿಗಳನ್ನು ಬೈಯುತ್ತಿದ್ದರು, ತೂಕ ಸರಿಯಿಲ್ಲವಂತೆ. “ಕುಣೀಲಾರದಾಕಿ ನೆಲ ಡೊಂಕು ಅಂದಳಂತ” ಎಂದೆ. ಬಾಯಿ ಮುಚ್ಚಿದರು.

ನರಸ್ಯಾನಿಗೆ ಹೊಸ ಚಾಳಿ ಒಂದು ಬಂದಿದೆ. ಎದುರು ಕೂತು ಮರ ಹಿಡಿದವನು, ತುದಿ ಕೂರುತ್ತಿದ್ದಂತೆ ತೋರುಬೆರಳು ಎತ್ತುತ್ತಾನೆ, ಸವಾಲು ಕೂಗುವವರ ಹಾಗೆ. ಆ ಬೆರಳು ಕಣ್ಣಿಗೆ ಬಿದ್ದರೆ ನನ್ನ ಕೈ ತಾನಾಗಿ ನಿಲ್ಲುತ್ತದೆ. ರಗಳೆ.

೨೨ ಡಿಸೆಂಬರ್

ಜಾಲಿಯೂ ಮೂಕಾಯಿತು. ಈ ವರ್ಷ ಚಳಿ ವಿಪರೀತ, ಮರದೊಳಗೆ ತೇವ ಕೂತಿರಬೇಕು. ಇನ್ನು ಹುಣಸೆಯದೇ ಗತಿ.

ಕುಲುಮೆಯ ಉಸ್ಮಾನ್‌ಸಾಬ್ ನನ್ನ ಹಳೆಯ ಗೆಳೆಯ, ಉರ್ದು ಶಾಲೆಯಲ್ಲಿ ಒಂದೇ ಹಲಗೆ ಮೇಲೆ ಕೂತವರು ನಾವು. ಅವನೂ ಕೆಟ್ಟ. ಮಾತಾಡಬೇಕಾದರೆ ಹತ್ತಿರ ಬಂದು ಬಲಗಿವಿಗೆ ಬಾಯಿಟ್ಟು ಒದರುತ್ತಾನೆ.

“ಅರೇ ಮೌನಪ್ಪಾ! ಡಾಕ್ಟರಗ ತೋರಿಸಿಯೇನು?”

“ಯಾಕ ಒದರತಿ ಮಾರಾಯಾ? ನಾನೇನು ಕಿವುಡೇನು?”

ಅವನು ನರಸ್ಯಾನ ಮುಖ ನೋಡಿದ. ನರಸ್ಯಾ ನೆಲ ನೋಡಿದ. ಇವರಿಬ್ಬರ ನಡುವೆ ಏನೋ ನಡೆದಿದೆ.

೯ ಜನವರಿ ೧೯೫೩

ಮೊದಲ ಎರಡು ಬಾಗಿಲಿನ ಪರೀಕ್ಷೆ ಆಯಿತು. ಬಾಗಿಲು ಮಲಗಿಸಿ, ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ, ನಾಲ್ಕು ಕೊಡ ನೀರು ಸುರಿದು, ಕೆಳಗೆ ಒಣ ಬೂದಿ ಹರಡಿದರು. ಸಂಜೆಗೆ ಹಂಪಣ್ಣನವರೇ ಬಗ್ಗಿ ನೋಡಿದರು. ಬೂದಿಯ ಮೇಲೆ ಒಂದು ಹನಿಯ ಗುರುತಿಲ್ಲ.

ಬೆನ್ನು ತಟ್ಟಿ ಏನೋ ಅಂದರು, ಹೊಗಳಿಕೆಯೇ ಇರಬೇಕು. ಎಲ್ಲ ಹುಣಸೆ ಕೊಡತಿಯ ಪುಣ್ಯ. ಚೌಕಟ್ಟಿಗೆ ಹುಣಸೆಯದನ್ನು ಹಿಡಿದರೆ ಸಾಗವಾನಿಯ ಮೈಮೇಲೆ ಕಲೆ ಬೀಳುತ್ತದೆ, ಆದ್ದರಿಂದ ಅದರ ಮೋರೆಗೆ ತೊಗಲು ಹೊದಿಸಬೇಕಾಯಿತು. ಆ ಕೆಲಸ ನರಸ್ಯಾನಿಗೆ ಬರುತ್ತದೆ. ಒಬ್ಬನ ಕೊಡತಿ ಇನ್ನೊಬ್ಬ ಮುಟ್ಟಬಾರದು ಎಂಬುದು ನಮ್ಮ ಮನೆತನದ ಕಟ್ಟಳೆ. ಉಸ್ಮಾನ್‌ಸಾಬ್ ಯಾವಾಗಾದರೊಮ್ಮೆ ಒಯ್ಯುತ್ತಾನೆ, ಅದು ಬೇರೆ. ನರಸ್ಯಾ ಅಚ್ಚುಕಟ್ಟಾಗಿ ಹೊದಿಸಿ ಎರಡೂ ಕೈಯಲ್ಲಿ ಹಿಡಿದು ತಂದ. ನೆಲದ ಮೇಲಿಡಲು ಹೇಳಿ, ಚೆಂಬಿನಿಂದ ನೀರು ಚಿಮುಕಿಸಿ ಎತ್ತಿಕೊಂಡೆ. ಅವನು ನೋಡುತ್ತ ನಿಂತಿದ್ದ. ನೋಡಲಿ, ನಾನು ಕದ್ದು ಮಾಡಿದ್ದೇನಲ್ಲ.

೨೩ ಜನವರಿ

ಮೂರನೇ ಬಾಗಿಲು ಮುಗಿಯಿತು. ಆದರೆ ಇವತ್ತಿನ ಅವಮಾನವನ್ನು ಎಲ್ಲಿ ಬರೆಯಲಿ?

ನಾನು ಮೂಲೆ ಬಡಿಯುತ್ತಿದ್ದೆ. ತಲೆ ಎತ್ತಿದರೆ ಹುಡುಗರೆಲ್ಲ ಕೆಲಸ ಬಿಟ್ಟು ನಿಂತಿದ್ದಾರೆ. ನನ್ನ ಕೈಯನ್ನಲ್ಲ, ನರಸ್ಯಾನ ಬೆರಳನ್ನು ನೋಡುತ್ತಿದ್ದಾರೆ. ಬೆರಳು ಎದ್ದಿತು, ನನ್ನ ಕೈ ನಿಂತಿತು, ಅವರೆಲ್ಲ ನಕ್ಕರು. ಒಬ್ಬ ಬೇಕೆಂದೇ ದೊಡ್ಡ ದನಿಯಲ್ಲಿ, “ಮೇಸ್ತ್ರಿಗೇ ಮೇಸ್ತ್ರಿ ನೋಡ್ರಲೇ!” ಅಂದ. ಅದು ಮಾತ್ರ ನೆಟ್ಟಗೆ ಕೇಳಿತು.

ಮೈಯೆಲ್ಲ ಉರಿದು ಹೋಯಿತು. “ಯಾಕಲೇ ಬೆರಳ ಎತ್ತತಿ? ನನಗ ಕಲಸಾಕ ಬಂದಿ ಏನು?” ಎಂದೆ. ನರಸ್ಯಾ ಬಾಯಿ ಅಲ್ಲಾಡಿಸಿದ.

“ಗಟ್ಟ್ಯಾಗಿ ಒದರು! ಎಲ್ಲಾರೂ ಕೇಳಲಿ!”

ಅವನು ಸುತ್ತ ನಿಂತವರನ್ನು ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಮತ್ತೆ ಮರ ಒತ್ತಿ ಹಿಡಿದ. ಉತ್ತರವಿದ್ದರೆ ತಾನೆ ಕೊಡುವುದು?

೪ ಫೆಬ್ರವರಿ

ಹುಣಸೆ ಕೊಡತಿ ಬಿರುಕು ಬಿಟ್ಟಿತು. ಅಜ್ಜ ಹಿಡಿದದ್ದು, ಅಪ್ಪ ಹಿಡಿದದ್ದು. ಹಿಡಿಯುವ ಕಾವಿನ ತೂತಿನಿಂದ ಮೋರೆಯವರೆಗೆ ಸೀಳಿದೆ. ಇತ್ತೀಚೆಗೆ ನಾನು ಸ್ವಲ್ಪ ಜೋರಾಗಿಯೇ ಹೊಡೆಯುತ್ತಿದ್ದೆ, ನಿಜ. ಆದರೆ ಅಷ್ಟಕ್ಕೆಲ್ಲ ಹುಣಸೆ ಸೀಳುವುದಿಲ್ಲ.

ಹಂಪಣ್ಣನವರ ಹತ್ತಿರ ಒಯ್ದು ತೋರಿಸಿದೆ. ನರಸ್ಯಾ ತೊಗಲು ಹೊದಿಸುವಾಗ ಕಲ್ಲಿನ ಮೇಲೆ ಕೆಡವಿದ, ನಾನು ಕಣ್ಣಾರೆ ಕಂಡೆ ಎಂದೆ. ಕೆಡವಿರಲೂಬಹುದು. ಅವನಿದ್ದರೆ ನಾನು ಕೊಡತಿ ಮುಟ್ಟುವುದಿಲ್ಲ ಎಂದೂ ಹೇಳಿದೆ. ಹಂಪಣ್ಣನವರು ಬಿರುಕನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಯುಗಾದಿ ಹತ್ತಿರ ಬಂದಿದೆ, ಬಾಗಿಲು ಇನ್ನೂ ಐದು ಉಳಿದಿವೆ. ನರಸ್ಯಾನನ್ನು ಕರೆದು ಕೆಲಸ ಬಿಡಿಸಿದರು.

ಹೋಗುವಾಗ ಅವನು ನನ್ನ ಮುಂದೆ ನಿಂತು ಏನೋ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ.

೫ ಫೆಬ್ರವರಿ

ಎದುರು ಬೇರೆ ಹುಡುಗ. ಬೆರಳಿಲ್ಲ. ನೆಮ್ಮದಿ.

೧೧ ಫೆಬ್ರವರಿ

ನಾಲ್ಕನೇ ಬಾಗಿಲಿನ ಮೂಲೆ ಸೀಳಿತು. ಸಾಗವಾನಿ ಮೋಸದ್ದು. ವ್ಯಾಪಾರಿಗಳೆಲ್ಲ ಕಳ್ಳರು.

೧೩ ಫೆಬ್ರವರಿ

ಐದನೆಯದರದ್ದೂ ಸೀಳಿತು. ಸಿಟ್ಟಿನಲ್ಲಿ ಕೊಡತಿಯನ್ನು ಗೋಡೆಗೆ ಎಸೆದೆ. ರಾಯಚೂರಿನದು. ಆ ಚೀಲಕ್ಕೇ ಕೈ ಹಾಕುವ ಗತಿ ಬಂತು ನನಗೆ.

೧೬ ಫೆಬ್ರವರಿ

ನಾಲ್ಕನೆಯದಕ್ಕೆ ಹೊಸ ಪಟ್ಟಿ ತಂದು ಮತ್ತೆ ಕೂರಿಸಿದೆ. ಮತ್ತೆ ಸೀಳಿತು. ಈ ಪಟ್ಟಿ ಮೊದಲ ಮೂರು ಬಾಗಿಲಿನ ದಿಮ್ಮಿಯಿಂದಲೇ ಕೊಯ್ದದ್ದು. ಮರಕ್ಕೆ ಬೈಯಲು ಬಾಯಿ ಬರಲಿಲ್ಲ. ಹಂಪಣ್ಣನವರು ಬಂದು ನೋಡಿ ಹೋದರು. ಲಿಂಗಸುಗೂರಿಗೆ ಆಳು ಕಳಿಸಿದ್ದಾರಂತೆ, ಕಾಳಮ್ಮ ಕೈಸನ್ನೆ ಮಾಡಿ ತಿಳಿಸಿದಳು. ಇವಳು ಯಾವಾಗಿನಿಂದ ನನ್ನ ಜೊತೆ ಕೈಯಿಂದ ಮಾತಾಡತೊಡಗಿದಳೋ ನೆನಪಿಲ್ಲ.

೧೮ ಫೆಬ್ರವರಿ

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ನಾನೊಬ್ಬನೇ ಒಂದು ತುಂಡು ಮರ ಇಟ್ಟುಕೊಂಡು ಕೂತೆ. ಬೇವಿನದರಿಂದ ಹೊಡೆದೆ, ಜಾಲಿಯದರಿಂದ ಹೊಡೆದೆ, ಬಿರುಕು ಬಿಟ್ಟ ಹುಣಸೆಯದರಿಂದಲೂ ಹೊಡೆದೆ. ಯಾವುದೂ ಮಾತಾಡಲಿಲ್ಲ. ಮೂರು ಕೊಡತಿಗೂ ಒಟ್ಟಿಗೇ ದನಿ ಹೋಗುತ್ತದೆಯೇ?

ತಲೆ ಎತ್ತಿದೆ. ಹತ್ತು ಹೆಜ್ಜೆ ಆಚೆ ಉಸ್ಮಾನ್‌ಸಾಬ್ ಕೆಂಪಗೆ ಕಾದ ಹಾರೆ ಬಡಿಯುತ್ತಿದ್ದ. ಸುತ್ತಿಗೆ ಮೇಲೇರುತ್ತಿತ್ತು, ಬೀಳುತ್ತಿತ್ತು, ಕಿಡಿ ಹಾರುತ್ತಿದ್ದವು. ಸದ್ದಿರಲಿಲ್ಲ. ನೆಲದ ಅದುರು ಮಾತ್ರ ಅಂಗಾಲಿಗೆ ಬರುತ್ತಿತ್ತು. ಕೈಯಲ್ಲಿದ್ದ ಕೊಡತಿ ಕೆಳಗಿಟ್ಟೆ.

ನಾನು ನೋಡುತ್ತಿರುವುದನ್ನು ಅವನು ಕಂಡ. ಸುತ್ತಿಗೆ ಇಟ್ಟು, ಒಂದು ಇದ್ದಲಿ ತೆಗೆದುಕೊಂಡು, ಶಾಲೆಯ ಹಲಗೆಯ ಮೇಲೆ ಬರೆಯುತ್ತಿದ್ದ ಹಾಗೆ ಗೋಡೆಯ ಮೇಲೆ ಉರ್ದುವಿನಲ್ಲಿ ಬರೆದ. ದೊಡ್ಡ ಅಕ್ಷರ. “ಎರಡು ತಿಂಗಳು ಅವನೇ ನಿನ್ನ ಕಿವಿಯಾಗಿದ್ದ. ಧಣಿಗೆ ಗೊತ್ತಾದರೆ ನಿನ್ನ ಕೆಲಸ ಹೋಗುತ್ತದೆ, ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ.” ನಾನು ಓದಿದ್ದನ್ನು ನೋಡಿ ತೋಳಿನಿಂದ ಒರೆಸಿಬಿಟ್ಟ.

ಥೂ, ನನ್ನ ಜನ್ಮಕ್ಕಿಷ್ಟು. ಅಷ್ಟು ಮಂದಿಯ ನಡುವೆ ಗಟ್ಟಿಯಾಗಿ ಒದರು ಎಂದೆನಲ್ಲ, ಅವನು ಒದರಲಿಲ್ಲ. ಒದರಿದ್ದರೆ ಅವನ ಕೆಲಸ ಉಳಿಯುತ್ತಿತ್ತು.

೨೨ ಫೆಬ್ರವರಿ

ಮಸ್ಕಿಗೆ ಹೋಗಿ ಬಂದೆ. ನರಸಣ್ಣ ತನ್ನ ಹೆಂಡತಿ ಮುದುಕಮ್ಮನ ತವರಿನ ಹತ್ತಿರ, ಕೇರಿಯ ಹೊರಗಿನ ಬೇವಿನ ಮರದ ಕೆಳಗೆ, ಬಂಡಿ ರಿಪೇರಿಗೆ ಕೂತಿದ್ದಾನೆ ಎಂದು ಉಸ್ಮಾನ್‌ಸಾಬ್ ಬರೆದು ತೋರಿಸಿದ್ದ. ಆ ಕೇರಿಗೆ ನಾನು ಕಾಲಿಟ್ಟದ್ದು ಇದೇ ಮೊದಲು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಹೋದ ಮೇಲೆ ಬಾಯಿಂದ ಬಂದದ್ದು ಬೇರೆ.

“ಬಾಗಲಾ ಎಲ್ಲಾ ಸೀಳಾಕತ್ತ್ಯಾವ. ಧಣ್ಯಾರಿಗೆ ನಾ ಹೇಳತೀನಿ. ನೀ ಬಾ” ಎಂದೆ. ತಪ್ಪು ನನ್ನದು ಎನ್ನಲಿಲ್ಲ. ಅನ್ನಬೇಕೆಂದೇ ಹೋಗಿದ್ದೆ.

ಮುದುಕಮ್ಮ ಕೈ ಬೀಸಿ ಬೀಸಿ ಏನೋ ಅಂದಳು. ಬೈಗುಳ ಎಂದು ತಿಳಿಯಲು ಕಿವಿ ಬೇಕಿರಲಿಲ್ಲ. ನರಸಣ್ಣ ಅವಳನ್ನು ತಡೆದು ತಾನು ಮಾತಾಡಿದ. ಬಹಳ ಹೊತ್ತು, ಸಾವಕಾಶವಾಗಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು. ನನ್ನ ಎದುರು ಅವನು ಇಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಒಂದಕ್ಷರ ಕೇಳಲಿಲ್ಲ. ಇನ್ನೊಮ್ಮೆ ಹೇಳು ಎನ್ನದೆ ಸುಮ್ಮನೆ ತಲೆ ಆಡಿಸಿದೆ. ಅವನು ಅರ್ಧಕ್ಕೇ ನಿಲ್ಲಿಸಿದ.

ಆಮೇಲೆ ಕೆಳಗೆ ತೋರಿಸಿದ. ಒಂದು ಗಾಲಿಯ ಗುಂಬ, ಅದರಲ್ಲಿ ಅರ್ಧ ಇಳಿದ ಅರೆಕಾಲು. ಪಕ್ಕದಲ್ಲಿ ಅವನ ಕೊಡತಿ, ತಾನೇ ಕೆತ್ತಿಕೊಂಡದ್ದು. ಹೊಡಿ ಎಂದು ಸನ್ನೆ ಮಾಡಿ ಎದುರು ಕೂತು ಗುಂಬ ಹಿಡಿದ, ಮೊದಲಿನ ಹಾಗೆಯೇ.

ಹೊಡೆದೆ. ಕಣ್ಣು ಅವನ ಬಲಗೈ ಮೇಲೆ. ಬೆರಳು ಏಳಲಿಲ್ಲ. ಮತ್ತೆ ಹೊಡೆದೆ. ಏಳಲಿಲ್ಲ. ಅವನ ಕೈ ಗುಂಬದ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಕೂತಿತೋ, ಸೀಳುತ್ತದೋ? ಕೊನೆಗೆ ಬೇರೆ ದಾರಿ ಕಾಣದೆ ನನ್ನ ಎಡಗೈಯನ್ನೂ ಗುಂಬದ ಮೇಲಿಟ್ಟೆ, ಅವನ ಕೈಯ ಪಕ್ಕದಲ್ಲಿ, ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ. ಮೆತ್ತಗೆ ಹೊಡೆದೆ. ಅಂಗೈಗೆ ಮಂದವಾಗಿ ಬಂತು. ಇನ್ನೊಂದು ಹೊಡೆದೆ, ಸ್ವಲ್ಪ ಚುರುಕಾಯಿತು. ಇನ್ನೊಂದಕ್ಕೆ ಇರುವೆ ಕಚ್ಚಿದ ಹಾಗೆ ಚುಳ್ ಎಂದಿತು, ಮೊಳಕೈವರೆಗೆ. ಅಪ್ಪನ ಮೂರನೇ ಸದ್ದು ಅದು. ಕೈ ನಿಲ್ಲಿಸಿದೆ.

ತಲೆ ಎತ್ತಿದೆ. ನರಸಣ್ಣ ಅರೆಕಾಲನ್ನು ಅಲ್ಲಾಡಿಸಿ ನೋಡಿದ. ಅಲುಗಲಿಲ್ಲ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಕೊಡತಿಯನ್ನು ಅವನ ಕೈಗೆ ಕೊಡಲು ಹೋದೆ. ಅವನು ತೆಗೆದುಕೊಳ್ಳದೆ ನೆಲ ತೋರಿಸಿದ. ನೆಲದ ಮೇಲಿಟ್ಟೆ.

ಒಳಗೆ ಹೋಗಿ ಚೆಂಬು ತಂದ. ಕೊಡತಿಯ ಮೇಲೆ ನೀರು ಚಿಮುಕಿಸಿದ. ಆಮೇಲೆ ಎತ್ತಿಕೊಂಡು ತನ್ನ ಕೆಲಸಕ್ಕೆ ಕೂತ. ಅವನೂ ಕದ್ದು ಮಾಡಲಿಲ್ಲ.

೨೩ ಫೆಬ್ರವರಿ

ಹಂಪಣ್ಣನವರಿಗೆ ಎಲ್ಲ ಹೇಳಿದೆ. ಕೊಡತಿ ಸೀಳಿದ್ದು ನಾನು, ನರಸಣ್ಣ ಕೆಡವಿದ್ದನ್ನು ನಾನು ಕಂಡಿಲ್ಲ, ನನಗೆ ಕಿವಿ ಇಲ್ಲ. ಮೂರನೆಯದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನರಸಣ್ಣನನ್ನು ಕರೆಸುತ್ತೇನೆ ಎಂದು ಅವರು ಆಳು ಕಳಿಸಿದರು.

೨೬ ಫೆಬ್ರವರಿ

ಆಳು ಒಬ್ಬನೇ ವಾಪಸು ಬಂದ. ನರಸಣ್ಣ ಬರುವುದಿಲ್ಲ.

೨ ಮಾರ್ಚ್

ಲಿಂಗಸುಗೂರಿನ ಮೇಸ್ತ್ರಿ ಬಂದ. ಬಾಗಿಲುಗಳೆಲ್ಲ ಅವನ ಪಾಲಾದವು. ನನ್ನನ್ನು ಹೊರಗೆ ಹಾಕಲಿಲ್ಲ, ಹಂಪಣ್ಣನವರ ದೊಡ್ಡಗುಣ. ಮೂಲೆಯಲ್ಲಿ ಕೂತು ಕಾರ್ಖಾನೆಗೆ ಕೊಡತಿ ಮಾಡಿಕೊಡಬೇಕು. ಹನ್ನೆರಡು, ಎಲ್ಲ ಒಂದೇ ಅಳತೆ. ಮಾದರಿಗೆಂದು ಆ ರಾಯಚೂರಿನದನ್ನೇ ನನ್ನ ಮುಂದಿಟ್ಟರು. ನಗು ಬಂತು, ನನ್ನ ನಗು ನನಗೆ ಕೇಳಲಿಲ್ಲ.

೯ ಮಾರ್ಚ್

ಇವತ್ತು ಎಂಟನೆಯದಕ್ಕೆ ಕಾವು ಕೂರಿಸಿದೆ. ಎಡ ಅಂಗೈ ಮರದ ಮೇಲೆ, ಬಲಗೈಯಲ್ಲಿ ಬೇವಿನ ಕೊಡತಿ. ಅದು ಕೆಟ್ಟಿರಲೇ ಇಲ್ಲ. ಅಂಗೈಗೆ ಚುಳ್ ಎಂದ ಕೂಡಲೆ ಕೈ ನಿಂತಿತು. ಒಂದೂ ಸೀಳಿಲ್ಲ ಈ ವಾರ.

ಅಂಗೈಗೆ ಎಲ್ಲ ಗೊತ್ತಾಗುತ್ತದೆ. ಆದರೂ ಪ್ರತಿ ಸಲ ಕೈ ನಿಂತ ಮೇಲೆ ತಲೆ ತಾನಾಗಿ ಮೇಲೇಳುತ್ತದೆ, ಎದುರಿನ ಬೆರಳು ನೋಡಲು. ಎದುರು ಗೋಡೆ ಇದೆ. ಇವತ್ತಿಗೆ ಎಂಟು ಸಲ ಗೋಡೆ ನೋಡಿದೆ.